ಪಕ್ಕದ ಸೀಟಿಗೆ ಲೈಸೆನ್ಸ್

ನಾನು ಓದಿದ್ದು ಮೂರನೇ ಕ್ಲಾಸು. ಅದೂ ಪೂರ್ತಿಯಲ್ಲ, ನಡುವೆ ನಮ್ಮ ಎಮ್ಮೆ ಕರು ಹಾಕಿತೆಂದು ನನ್ನನ್ನು ಸ್ಕೂಲು ಬಿಡಿಸಿದರು. ಬಸ್ಸಿನ ಬೋರ್ಡು ಓದುತ್ತೇನೆ, ಮದುವೆ ಕಾಗದ ಓದುತ್ತೇನೆ, ಇಷ್ಟರಲ್ಲೇ ಜೀವನ ಸಾಗಿಬಿಟ್ಟಿತು. ಇಂಗ್ಲಿಷಿನ ತಂಟೆಗೆ ಹೋದವಳಲ್ಲ. ಆದರೆ ಅರವತ್ತೆಂಟನೇ ವರ್ಷದಲ್ಲಿ ಇಂಗ್ಲಿಷಿನ ಒಂದು ಅಕ್ಷರ ಕಲಿತೆ. ಬೇರೆ ಅಜ್ಜಿಯರು ಮೊಮ್ಮಕ್ಕಳ ಜೊತೆ ಆಡುತ್ತಾ ಕಲಿಯುತ್ತಾರಂತೆ. ನಾನು ಗಂಡನನ್ನು ಮಣ್ಣು ಮಾಡಿ, ಮಗನನ್ನು ಜೈಲಿಗೆ ಕಳಿಸಿ ಕಲಿತೆ. ಒಂದಕ್ಷರಕ್ಕೆ ಇದು ಸ್ವಲ್ಪ ಜಾಸ್ತಿಯೇ ಆಯಿತು. ಇನ್ನೂ ಇಪ್ಪತ್ತೈದು ಇವೆಯಂತೆ. ನನಗೆ ಬೇಡ.

ನಮ್ಮೂರು ಕಟ್ಟೆಮಳಲವಾಡಿಯ ಹತ್ತಿರ. ನನ್ನ ಮಗ ಮಾದೇವ ಇಪ್ಪತ್ತು ವರ್ಷ ಪಿಕಪ್ ಗಾಡಿ ಓಡಿಸಿದವನು. ಹೊಗೆಸೊಪ್ಪಿನ ಕಾಲಕ್ಕೆ ಹೊಗೆಸೊಪ್ಪು, ಶುಂಠಿಯ ಕಾಲಕ್ಕೆ ಶುಂಠಿ. ಕುಡಿಯುತ್ತಿದ್ದ. ಒಂದು ಮಧ್ಯಾಹ್ನ ಪಿರಿಯಾಪಟ್ಟಣದಲ್ಲಿ ನಮ್ಮ ಮೈದುನನ ಮನೆಯ ನಾಮಕರಣಕ್ಕೆ ಅಪ್ಪನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೋದ. ದಾರಿಯಲ್ಲಿ ಗಾಡಿ ಹೋಗಿ ಹುಣಸೆ ಮರಕ್ಕೆ ಗುದ್ದಿತು. ಗುದ್ದಿದ್ದು ಎಡಭಾಗ. ನಮ್ಮ ಯಜಮಾನರು ಅಲ್ಲೇ ಹೋದರು. ಮಗನಿಗೆ ಹಣೆಯಲ್ಲಿ ಮೂರು ಹೊಲಿಗೆ. ಇಷ್ಟೇ ನಡೆದದ್ದು. ಇದನ್ನು ಇನ್ನೂ ಉದ್ದ ಮಾಡಿ ಹೇಳಿ ಅಳುವವರಿದ್ದಾರೆ, ಅವರಿಗೆ ಪುರುಸೊತ್ತಿದೆ.

ಹುಣಸೂರಿನ ಆಸ್ಪತ್ರೆಯ ಮುಂದೆ ನಮ್ಮ ಕಡೆಯ ಜನವೆಲ್ಲ ಸೇರಿತು. ಪೊಲೀಸಿನವರು ಒಳಗೆ ಬರೆದುಕೊಳ್ಳುತ್ತಿದ್ದರು. ಹೊರಗೆ ಒಬ್ಬೊಬ್ಬರೂ ನನ್ನ ಕಿವಿಗೆ ಒಂದೊಂದು ಪ್ರಾಣಿ ತುಂಬಿದರು.

“ಅಕ್ಕಯ್ಯ, ನಾಯಿ ಅಡ್ಡ ಬಂತು ಅನ್ನು,” ಅಂದ ಪಕ್ಕದ ಮನೆಯ ಪುಟ್ಟಸ್ವಾಮಿ.

“ನಾಯಿಗೆಲ್ಲ ಯಾರು ಬ್ರೇಕ್ ಹಾಕ್ತಾರ್ಲಾ? ಎಮ್ಮೆ ಅನ್ಲಿ,” ಅಂದ ಇನ್ನೊಬ್ಬ.

ಕಾಡಂಚಿನ ಕೋಟೆ ತಾಲ್ಲೂಕಿನಿಂದ ಬಂದಿದ್ದ ನನ್ನ ತಮ್ಮ ಎಲ್ಲರನ್ನೂ ಹಿಂದಕ್ಕೆ ತಳ್ಳಿ, “ಎಮ್ಮೆ ಅಂದ್ರೆ ಯಾರ ಎಮ್ಮೆ ಅಂತ ಕೇಳ್ತಾರೆ. ಆನೆ ಅಂದ್ಬುಡು ಕಣಕ್ಕ. ಆನೆಗೆ ಯಾರೂ ಸಾಕ್ಷಿ ಕೇಳಕ್ಕಿಲ್ಲ,” ಅಂದ.

ಗಂಡ ಒಳಗೆ ಬಿಳಿ ಬಟ್ಟೆಯ ಕೆಳಗೆ ಮಲಗಿದ್ದಾಗಲೂ ನನಗೆ ನಗು ಬಂತು. ಹಾಡಹಗಲು, ಟಾರು ರಸ್ತೆ, ಎರಡೂ ಕಡೆ ಹೊಗೆಸೊಪ್ಪಿನ ಹೊಲ. ಅಲ್ಲಿಗೆ ಆನೆ ಬಂದು, ನನ್ನ ಮಗನಿಗೆ ಮಾತ್ರ ಕಾಣಿಸಿಕೊಂಡು, ವಾಪಸ್ ಹೋಯಿತಂತೆ. ಪೊಲೀಸಿನವರು ಹೊರಗೆ ಬಂದು, “ಏನಮ್ಮ ಆಗಿದ್ದು?” ಅಂದರು. “ಕುಡ್ದಿದ್ದ ಸ್ವಾಮಿ,” ಅಂದೆ. ಅಲ್ಲಿದ್ದ ನಾಯಿ, ಎಮ್ಮೆ, ಆನೆ ಎಲ್ಲವೂ ಒಂದೇ ಸಲಕ್ಕೆ ಸುಮ್ಮನಾದವು. ಅವತ್ತಿನಿಂದ ತಮ್ಮ ನನ್ನ ಜೊತೆ ಮಾತು ಬಿಟ್ಟ. ಹೆತ್ತ ಮಗನ ಮೇಲೇ ಹೇಳಿದಳು ಎಂದು ಊರು ಒಂದಷ್ಟು ದಿನ ಬೈದು, ಆಮೇಲೆ ಸತ್ಯವಂತೆ ಎಂದು ಹೊಗಳಿತು.

ಮಾದೇವ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡ. ಒಂದು ವರ್ಷ ಒಳಗಿದ್ದು ಬಂದ. ಲೈಸೆನ್ಸ್ ರದ್ದಾಯಿತು. ಕುಡಿತ ಅವನಾಗಿಯೇ ಬಿಟ್ಟ. ಅದರ ಜೊತೆಗೆ ಮಾತನ್ನೂ ಬಿಟ್ಟಿದ್ದರಿಂದ ಮನೆಯಲ್ಲಿ ಯಾರಿಗೂ ಸಂಭ್ರಮವಾಗಲಿಲ್ಲ. ಗಾಡಿ ಮುಟ್ಟಬಾರದೆಂದು ಹೇಳಿದ್ದ ಗಡುವು ಮುಗಿದ ಮೇಲೆ ಆರ್‌ಟಿಓ ಆಫೀಸಿನವರು, ಬೇಕಾದರೆ ಮೊದಲಿಂದ ಕಲಿ ಎಂದರು. ಇಪ್ಪತ್ತು ವರ್ಷ ಗಾಡಿ ಓಡಿಸಿದವನಿಗೆ ಕಲಿಯುವವರ ಲೈಸೆನ್ಸ್, ಅಂದರೆ ಎಲ್‌ಎಲ್. ಅದಕ್ಕೆ ಕಟ್ಟಳೆಗಳಿವೆ. ಗಾಡಿಯ ಹಿಂದೆ ಮುಂದೆ ಬಿಳಿಯ ಮೇಲೆ ಕೆಂಪಿನಲ್ಲಿ ಎಲ್ ಅಂತ ಬರೆದಿರಬೇಕು. ಒಬ್ಬನೇ ಓಡಿಸಕೂಡದು. ಪಕ್ಕದ ಸೀಟಿನಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು, ಬೇಕಾದರೆ ಗಾಡಿ ನಿಲ್ಲಿಸುವ ಹಾಗೆ.

ನಮ್ಮ ಮನೆಯಲ್ಲಿ ಲೈಸೆನ್ಸ್ ಇದ್ದದ್ದು ಒಬ್ಬಳಿಗೆ, ಸೊಸೆ ಸವಿತಳಿಗೆ. ಮಗ ಜೈಲಿನಲ್ಲಿದ್ದಾಗ ಮಹಿಳಾ ಸಂಘದವರು ಅವಳಿಗೆ ಡ್ರೈವಿಂಗ್ ಕಲಿಸಿ ಪಂಚಾಯ್ತಿಯ ಕಸದ ಗಾಡಿ ಕೊಟ್ಟಿದ್ದರು. ಹಾಡು ಹಾಕಿಕೊಂಡು ಬೀದಿಬೀದಿ ಸುತ್ತುತ್ತಾಳೆ. ಮೊದಮೊದಲು ನಾನು, “ಗಂಡ ಶುಂಠಿ ಹೊಡ್ದ, ಹೆಂಡ್ತಿ ಕಸ ಹೊಡೀತಾಳೆ,” ಅಂತ ಕುಟುಕಿದ್ದುಂಟು. “ಕಸದ್ ಗಾಡಿನ ಕುಡ್ದು ಓಡಿಸಾಕಾಗಕ್ಕಿಲ್ಲ ಬುಡಿ ಅತ್ತೆ,” ಅಂದಳು. ಆಮೇಲೆ ನಾನು ಕುಟುಕಲಿಲ್ಲ.

ಅವಳ ಅಣ್ಣನದೊಂದು ಹಳೇ ವ್ಯಾನು ನಮ್ಮ ಅಂಗಳಕ್ಕೆ ಬಂತು. ಎಲ್ ಬರೆಯುವ ಕೆಲಸ ನಾನು ವಹಿಸಿಕೊಂಡೆ. ಎಷ್ಟು ವರ್ಷ ಹೊಸ್ತಿಲಿಗೆ ಸುಣ್ಣ ಕೆಮ್ಮಣ್ಣು ಬಳಿದ ಕೈ, ಎರಡು ಗೆರೆ ಎಳೆಯಲಾರದೇ? ಸೊಸೆ ಚೀಟಿಯಲ್ಲಿ ಬರೆದುಕೊಟ್ಟು ಕೆಲಸಕ್ಕೆ ಹೋದಳು. ನಾನು ಸುಣ್ಣದಲ್ಲಿ ಚೌಕ ಬಳಿದು, ಕೆಮ್ಮಣ್ಣಿನಲ್ಲಿ ಅಕ್ಷರ ತೀಡಿದೆ. ಚೀಟಿಯ ಕಾಗದ ತೆಳ್ಳಗಿತ್ತು, ಹಿಂದುಮುಂದು ಎರಡೂ ಕಡೆ ಮಸಿ ಕಾಣುತ್ತಿತ್ತು. ನಾನು ನೋಡಿಕೊಂಡದ್ದು ಹಿಂಭಾಗ. ಮೂರು ದಿನ ಮಗ ಸೊಸೆ ಇಬ್ಬರೂ ಗಮನಿಸದೆ ಅದರಲ್ಲೇ ಓಡಾಡಿದರು. ಕೋಟೆ ದಾರಿಯ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಟ್ರಾಫಿಕ್‌ನವನೊಬ್ಬ ನಿಲ್ಲಿಸಿ, “ಏನ್ರೀ ಇದು, ಎಲ್ ಅತ್ಲಾಗ್ ತಿರುಗಿಕೊಂಡದೆ? ಗಂಡ ಹೆಂಡ್ತಿ ಜಗಳ ಆಡಿದ್ದೀರಾ?” ಅಂದನಂತೆ. ಅದನ್ನು ಹೇಳುವಾಗ ಮಾದೇವನ ತುಟಿ ಒಂದಿಷ್ಟು ಅಲುಗಿತು. ಮೂರು ವರ್ಷದಲ್ಲಿ ನಾನು ಕಂಡ ಅವನ ನಗು ಅದೊಂದೇ. ಸರಿಯಾದ ಅಕ್ಷರ ಬರೆದಿದ್ದರೆ ಅದೂ ಸಿಗುತ್ತಿರಲಿಲ್ಲ.

ದಿನಾ ಸಂಜೆ ಕೆರೆ ಏರಿಯ ಮೇಲೆ ಪಾಠ. “ನಿಧಾನಕ್ಕೆ ರೀ. ಕನ್ನಡಿ ನೋಡ್ಕಳಿ,” ಅನ್ನುತ್ತಾಳೆ ಸವಿತ. ಅವನು ನೋಡಿಕೊಳ್ಳುತ್ತಾನೆ. ಊರವರು ಏರಿಯ ಮೇಲೆ ನಿಂತು, “ಏನ್ಲಾ ಮಾದೇವ, ಮೇಷ್ಟ್ರಮ್ಮ ಪಾಸ್ ಮಾಡ್ತಾಳಾ?” ಅಂತ ಕಿಚಾಯಿಸುತ್ತಾರೆ. ಅವನು ತಲೆ ಎತ್ತುವುದಿಲ್ಲ. ಹೆಂಡತಿ ಕೂರುವ ಸೀಟು ಯಾವುದು ಎಂದು ಅವನಿಗೆ ಗೊತ್ತು, ಅವಳಿಗೂ ಗೊತ್ತು. ನಾನಂತೂ ಆ ವ್ಯಾನಿಗೆ ಹತ್ತಿರಲಿಲ್ಲ. ಕರೆದಾಗಲೆಲ್ಲ ಮಂಡಿ ನೋವು ಅನ್ನುತ್ತಿದ್ದೆ. ಬಸ್ಸಿನ ಮೆಟ್ಟಿಲು ಅದಕ್ಕಿಂತ ಎತ್ತರ ಎಂದು ಅವನು ಒಂದು ದಿನವೂ ಹೇಳಲಿಲ್ಲ.

ಹೋದ ತಿಂಗಳು ಬೆಳಗ್ಗೆ ಎಂಟಕ್ಕೆ ಸರಗೂರಿನಿಂದ ಫೋನು. ನನ್ನ ಅಕ್ಕನಿಗೆ ಉಸಿರು ಎಳೆಯುತ್ತಿದೆ, ನನ್ನ ಹೆಸರು ಕರೆಯುತ್ತಿದ್ದಾಳೆ, ಬೇಗ ಬಾ ಎಂದು ಅವಳ ಮಗಳು ಅತ್ತಳು. ಸವಿತ ಮನೆಯಲ್ಲಿರಲಿಲ್ಲ. ಕಸದ ಗಾಡಿ ಓಡಿಸುವ ಹೆಂಗಸರಿಗೆಲ್ಲ ಮೈಸೂರಿನಲ್ಲಿ ಎರಡು ದಿನದ ತರಬೇತಿ. ಊರಿನ ಎರಡು ಆಟೋಗಳೂ ಮದುವೆ ಜನ ತುಂಬಿಕೊಂಡು ಕೆ.ಆರ್. ನಗರಕ್ಕೆ ಹೋಗಿದ್ದವು. ಬಸ್ಸು ಒಂದು ಗಂಟೆ ತಡ. ವ್ಯಾನು ಅಂಗಳದಲ್ಲಿತ್ತು.

“ಮಾದೇವ, ವ್ಯಾನ್ ತಗಿಲಾ.”

ಅವನು ಅಲುಗಲಿಲ್ಲ. “ಸವಿತ ಇಲ್ವಲ್ಲವ್ವ.”

“ನಾನಿಲ್ವಾ? ಪಕ್ಕದಲ್ಲಿ ನಾನೇ ಕೂತ್ಕತೀನಿ.”

“ನಿಂಗೆ ಲೈಸೆನ್ಸ್ ಇಲ್ಲ ಕಣವ್ವ.”

“ನಿನ್ನ ಹೆತ್ತೋಳಿಗೆ ಲೈಸೆನ್ಸ್ ಬೇಕೇನ್ಲಾ? ಯಾರು ನೋಡ್ತಾರೆ? ಕೇಳಿದ್ರೆ ನಾನ್ ಹೇಳ್ತೀನಿ, ತಗಿ!”

“ಬ್ಯಾಡವ್ವ. ಯಾರೂ ನೋಡ್ದಿದ್ರೂ ಬ್ಯಾಡ.”

ನಾನು ಬಾಯಿಗೆ ಬಂದದ್ದೆಲ್ಲ ಬೈದೆ. ಅವತ್ತು ಅಪ್ಪನನ್ನು ನುಂಗಿದೆ, ಈಗ ನನ್ನ ಅಕ್ಕನ ಮುಖವನ್ನೂ ತಪ್ಪಿಸುತ್ತೀಯ ಎಂದೂ ಅಂದೆ. ಅನ್ನಬಾರದಿತ್ತು. ಅವನು ಕೀ ತೆಗೆದು ನನ್ನ ಕೈಗೇ ಕೊಟ್ಟು, ಚಪ್ಪಲಿ ಮೆಟ್ಟಿಕೊಂಡು, “ನಡಿ, ಮೇನ್ ರೋಡಿಗೆ ನಡ್ಕೊಂಡ್ ಹೋಗದ, ಯಾವ್ದಾರಾ ಸಿಕ್ತದೆ,” ಅಂದ. ಯಾವುದೂ ಸಿಗಲಿಲ್ಲ. ಬಸ್ಸಿನಲ್ಲೇ ಹುಣಸೂರು, ಅಲ್ಲಿಂದ ಹ್ಯಾಂಡ್‌ಪೋಸ್ಟ್, ಅಲ್ಲಿಂದ ಸರಗೂರು. ತಲುಪಿದಾಗ ಅಂಗಳದಲ್ಲಿ ಬೆಂಕಿ ಹಾಕಿದ್ದರು. “ಚಿಕ್ಕವ್ವ, ಈಗ ಅರ್ಧ ಗಂಟೆ ಆಯ್ತು ಕಣವ್ವ,” ಅಂದಳು ಅಕ್ಕನ ಮಗಳು. ಅಕ್ಕನ ಕೈ ಹಿಡಿದೆ. ಇನ್ನೂ ಬೆಚ್ಚಗಿತ್ತು. ನಮ್ಮವ್ವನ ಎಂಟು ಮಕ್ಕಳಲ್ಲಿ ನನ್ನ ತಲೆಯ ಹೇನು ಹೆಕ್ಕಿದವಳು ಅವಳೊಬ್ಬಳೇ.

ಮಣ್ಣು ಮುಗಿಸಿ ಸಂಜೆ ಬಸ್ಸಿಗೆ ಕಾಯುವಾಗ ಮಾದೇವ ನನ್ನ ಪಕ್ಕ ಕೂತು, “ಬೈಯ್ಯಂಗಿದ್ರೆ ಬೈದುಬುಡವ್ವ,” ಅಂದ. ಬೆಳಗ್ಗೆ ನಾನು ‘ಯಾರು ನೋಡ್ತಾರೆ, ತಗಿ’ ಅಂದ ಮಾತೇ ಕಿವಿಯಲ್ಲಿತ್ತು. ಅಂಥದ್ದೇ ಮಾತು ನಾನು ಹಿಂದೆಯೂ ಒಂದು ಸಲ ಆಡಿದ್ದೆ. ನಾಮಕರಣದ ದಿನ ಹೊಸ್ತಿಲ ಹತ್ತಿರವೇ ಅವನ ಬಾಯಿಂದ ವಾಸನೆ ಬಂದಿತ್ತು. ಯಜಮಾನರು, “ನಾನ್ ಬಸ್ಸಲ್ಲಿ ಹೋಯ್ತೀನಿ ಕಣೆ,” ಅಂದರು. ಬಸ್ಸು ತಡ ಆಗುತ್ತದೆ, ತೊಟ್ಟಿಲಿಗೆ ಹಾಕುವ ಹೊತ್ತು ಮೀರುತ್ತದೆ, ಏನೂ ಆಗುವುದಿಲ್ಲ ಹತ್ತಿ ಎಂದು ಗಾಡಿಯ ಬಾಗಿಲು ತೆಗೆದು ಕೂರಿಸಿದವಳು ನಾನು.

ಅಷ್ಟರಲ್ಲಿ ಬಸ್ಸು ಬಂತು. ಮಗ ನನಗೆ ಕಿಟಕಿಯ ಪಕ್ಕ ಜಾಗ ಹಿಡಿದ. ವಾಸನೆ ಗೊತ್ತಿದ್ದೇ ಕೂರಿಸಿದೆ ಎಂದು ಅವನಿಗೆ ಹೇಳಿಬಿಡಬೇಕೆಂದು ಹುಣಸೂರಿನವರೆಗೂ ಬಾಯಿ ತೆರೆದು ತೆರೆದು ಮುಚ್ಚಿದೆ. ನನಗೆ ಹಸಿವಾಗಿದೆ ಎಂದುಕೊಂಡು ಅವನು ಇಳಿದ ಕೂಡಲೇ ಎರಡು ಬನ್ನು ತಂದುಕೊಟ್ಟ. ತಿಂದೆ. ಅವತ್ತು ಆಸ್ಪತ್ರೆಯ ಮುಂದೆ ಪೊಲೀಸಿನವರು ಮಗನ ವಿಷಯ ಕೇಳಿದರು, ಹೇಳಿದೆ. ನನ್ನ ವಿಷಯ ಕೇಳಲಿಲ್ಲ, ಹೇಳಲಿಲ್ಲ. ಊರಿನವರು ಈಗಲೂ ನನ್ನನ್ನು ಸತ್ಯವಂತೆ ಅನ್ನುತ್ತಾರೆ. ಕೇಳಿದಷ್ಟಕ್ಕೆ ಮಾತ್ರ ಎಂದು ಯಾರಿಗೂ ಗೊತ್ತಿಲ್ಲ.