ಪಡಸಾಲೆಯ ರೋಗಿ

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ಜನವರಿಯ ಆ ವಾರ ವಿರೂಪಾಕ್ಷಪ್ಪನವರ ಡೈರಿಯಲ್ಲಿ ಮಳೆ ಸೊನ್ನೆ. ದೂರು ಮಾತ್ರ ಧಾರಾಕಾರ. ಚನ್ನಗಿರಿಯ ತಾಲ್ಲೂಕು ಕಚೇರಿಯಲ್ಲಿ ಮಳೆಬೆಳೆಗಳ ಅಂಕಿಅಂಶ ಬರೆದಿಡುವ ಗುಮಾಸ್ತರವರು. ಹತ್ತೊಂಬತ್ತು ವರ್ಷಗಳಿಂದ ದಿನವೂ ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ಮುಂದೆ ನಿಂತು, ಬಿದ್ದಿದ್ದರೆ ಬಿದ್ದಷ್ಟನ್ನು, ಬೀಳದಿದ್ದರೆ ಬೀಳಲಿಲ್ಲವೆಂಬುದನ್ನು ಅಷ್ಟೇ ಶ್ರದ್ಧೆಯಿಂದ ಬರೆಯುತ್ತ ಬಂದವರು. ಆ ಶಿಸ್ತು ಕ್ರಮೇಣ ಮನೆಯ ಡೈರಿಗೂ ಹಬ್ಬಿತ್ತು. ಸೋಮವಾರ: ‘ಬೆಳಗಿನ ಆರು ಗಂಟೆಯ ಕಾಫಿ ಏಳು ನಿಮಿಷ ತಡ.’ ಮಂಗಳವಾರ: ‘ಸಾರಿಗೆ ಉಪ್ಪಿಲ್ಲ. ತಿಳಿಸಿದೆ. ಉತ್ತರ ಬರಲಿಲ್ಲ.’ ಬುಧವಾರ: ‘ರೊಟ್ಟಿ ಸೀದಿದೆ. ಕಾಫಿ ತಣ್ಣಗಿತ್ತು. ಗೃಹಕೃತ್ಯದಲ್ಲಿ ಶೈಥಿಲ್ಯ.’ (‘ಶೈಥಿಲ್ಯ’ ಎಂಬ ಪದ ಬಿದ್ದ ಮೇಲೆ ಅವರಿಗೆ ಕೊಂಚ ಸಮಾಧಾನವಾಯಿತು. ಬಿ.ಎ. ಓದಿದ್ದಕ್ಕೆ ಅಷ್ಟಾದರೂ ಪ್ರಯೋಜನ ಬೇಡವೇ?)

ಗುರುವಾರ ಸಂಜೆ ಏಳನೇ ಇಯತ್ತೆಯ ಮಗಳು ರುದ್ರಾಣಿ ಕಾನ್ವೆಂಟಿನಿಂದ ಮುಖ ಬಾಡಿಸಿಕೊಂಡು ಬಂದಳು. ಅಲ್ಲಿ ಧರ್ಮಬೋಧೆಯನ್ನೂ ಕನ್ನಡವನ್ನೂ ಒಬ್ಬರೇ ಹೇಳಿಕೊಡುತ್ತಿದ್ದರು, ಮಂಗಳೂರಿನ ಕಡೆಯ ಸಿಸ್ಟರ್ ಫಿಲೋಮಿನಾ. ಆ ವಾರದ ಧರ್ಮಪಾಠ ಕರುಣೆಯ ಏಳು ಕಾರ್ಯಗಳು: ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ಬಟ್ಟೆಯಿಲ್ಲದವರಿಗೆ ಬಟ್ಟೆ, ನೆಲೆಯಿಲ್ಲದವರಿಗೆ ಆಸರೆ, ರೋಗಿಯ ಭೇಟಿ, ಸೆರೆಯಲ್ಲಿದ್ದವರ ಭೇಟಿ, ಸತ್ತವರಿಗೆ ಮಣ್ಣು. ಒಬ್ಬೊಬ್ಬರೂ ಒಂದೊಂದು ಚೀಟಿ ಎತ್ತಬೇಕು, ಬಂದದ್ದನ್ನು ಮಾಡಬೇಕು, ಮಾಡಿದ್ದನ್ನು ಮೂವತ್ತು ಸಾಲಿನ ಪ್ರಬಂಧವಾಗಿಸಿ ಸೋಮವಾರ ಕನ್ನಡದ ಪಿರಿಯಡ್ಡಿಗೆ ಒಪ್ಪಿಸಬೇಕು.

“ನಂಗೆ ರೋಗಿ ಬಂದೈತೆ, ಅಪ್ಪಾಜಿ.”

“ಬರ್ಲಿ ಬಿಡು. ಅದಕ್ಯಾಕೆ ಮುಖ ಊದಿಸ್ಕಂಡಿದೀಯ?”

“ನಾನೇ ವಾಸಿ. ಅನ್ನಪೂರ್ಣಂಗೆ ಸತ್ತವರಿಗೆ ಮಣ್ಣು ಬಂದೈತೆ. ಸೋಮವಾರದೊಳಗೆ ಯಾರು ಸಾಯ್ತಾರೆ ಅಂತ ಅಳ್ತಾ ಕುಂತಾಳೆ.”

ವಿರೂಪಾಕ್ಷಪ್ಪನವರು ನಗಲಿಲ್ಲ. ಕಳೆದ ಎರಡು ಪ್ರಬಂಧಗಳಲ್ಲಿ ಮಗಳಿಗೆ ಬಂದಿದ್ದು ಹತ್ತಕ್ಕೆ ನಾಲ್ಕು. ಬಿ.ಎ. ಓದಿದ ತಂದೆಯ ಮಗಳಿಗೆ, ಅದೂ ಕನ್ನಡದಲ್ಲಿ! ಈ ಸಲ ತಾವೇ ಕೈಹಾಕುವುದೆಂದು ತೀರ್ಮಾನಿಸಿ, ‘ವ್ಯಾಧಿಗ್ರಸ್ತ ಮಾನವನ ಶಯ್ಯಾಪಾರ್ಶ್ವದಲ್ಲಿ’ ಎಂದು ಶೀರ್ಷಿಕೆ ಕೊಟ್ಟು ಇಪ್ಪತ್ತು ಸಾಲು ಬರೆದೇಬಿಟ್ಟರು. ರುದ್ರಾಣಿ ಓದಿ, ಹಾಳೆಯನ್ನು ಮಡಚಿ ಹಿಂದಕ್ಕೆ ಕೊಟ್ಟಳು.

“ಈ ರೋಗಿ ಯಾರು?”

“ಯಾರಾದ್ರೇನು? ಕಲ್ಪನೆ.”

“ನಾನು ನೋಡಿಲ್ವಲ್ಲ. ಸುಳ್ಳು ಬರೆದ್ರೆ ಪಾಪ ಅಂತ ಹೋದ ವಾರಾನೇ ಪಾಠ ಆಗೈತೆ.”

ಸರ್ಕಾರಿ ಆಸ್ಪತ್ರೆಗೆ ಹೋಗುತ್ತೇನೆಂದಳು. ನೋಡಲು ಹೋದವರು ಅಲ್ಲೇ ಮಲಗಬೇಕಾಗುತ್ತದೆಂದು ಅವರು ತಡೆದರು. ಒಳಗಿನಿಂದ ಹೆಂಡತಿ ಸರ್ವಮಂಗಳಮ್ಮ ಕಾಫಿ ತಂದಿಟ್ಟರು. ಗಂಡನ ಹಳೆಯ ಶಾಲನ್ನು ತಲೆತುಂಬ ಹೊದ್ದಿದ್ದರು.

“ರೀ, ಇವತ್ತು ರೊಟ್ಟಿ ಬದಲು ಅನ್ನ ಮಾಡ್ಲಾ? ಕೈ ಯಾಕೋ ಆಡಂಗಿಲ್ಲ.”

“ಇಲ್ಲಿ ರೋಗಿ ಸಿಗದೆ ಒದ್ದಾಡ್ತಾ ಇದೀವಿ, ನಿಂದೊಂದು ರೊಟ್ಟಿ!” ಎಂದರು ವಿರೂಪಾಕ್ಷಪ್ಪನವರು. ಕಾಫಿ ಅಂದೂ ತಣ್ಣಗಿತ್ತು. ಬರೆದುಕೊಂಡರು.

ಶುಕ್ರವಾರ ಕಚೇರಿಗೆ ಹೋಗುವ ಮುನ್ನ ಬೀದಿಯಲ್ಲಿ ರೋಗಾನ್ವೇಷಣೆ ಕೈಗೊಂಡರು. ಎದುರುಮನೆಯ ಅಜ್ಜಮ್ಮನ ಮೇಲೆ ಅವರಿಗೆ ಬಹಳ ಭರವಸೆಯಿತ್ತು. ಎಂಬತ್ತನಾಲ್ಕರ ಆಕೆ ಆರು ವರ್ಷಗಳಿಂದ ವರ್ಷಕ್ಕೆರಡು ಸಲ ಸಾಯುವ ಸ್ಥಿತಿಗೆ ತಲುಪಿ, ನೆಂಟರನ್ನೆಲ್ಲ ಕರೆಸಿ, ಎದ್ದು ಕೂರುತ್ತಿದ್ದವರು. ಅಂಥವರು ಆ ದಿನ ಜಗಲಿಯ ಮೇಲೆ ಕಾಲುಚಾಚಿ ಅವರೆಕಾಯಿ ಸುಲಿಯುತ್ತಿದ್ದರು.

“ಹೆಂಗಿದೀಯ, ಅಜ್ಜಿ?”

“ಗುಂಡುಕಲ್ಲಿದ್ದಂಗೆ ಇದೀನಪ್ಪಾ.”

“ಉಬ್ಬಸ?”

“ಹೋತು.”

“ಮಂಡಿನೋವು?”

“ಅದೂ ಹೋತು. ಯಾಕೋ ವಿರೂಪಾಕ್ಷಿ, ಮುಖ ಸಣ್ಣದು ಮಾಡ್ಕಂಡೆ? ನಾನು ಸಾಯ್ತೀನೇನೋ ಅಂತ ನೋಡಾಕೆ ಬಂದ್ಯಾ?”

ಬೀದಿ ಪೂರ್ತಿ ಹೀಗೇ. ಹೋದ ತಿಂಗಳು ನೆಗಡಿಯಾಗಿದ್ದವರು ಕೂಡ ಕ್ಷಮೆ ಕೇಳುವ ಧ್ವನಿಯಲ್ಲಿ ವಾಸಿಯಾಗಿದ್ದನ್ನು ತಿಳಿಸಿದರು. ಇಡೀ ಊರೇ ತಮ್ಮ ಮಗಳ ಅಂಕಗಳ ವಿರುದ್ಧ ಆರೋಗ್ಯವಾಗಿದೆ ಎಂಬ ಖಿನ್ನತೆಯಿಂದ ಮನೆಗೆ ಮರಳುವಾಗ, ಬೀದಿಯ ತಿರುವಿನಲ್ಲಿ ಅವರಿಗೆ ಆ ಉಪಾಯ ಹೊಳೆಯಿತು. ರೋಗಿ ಸಿಗದಿದ್ದರೆ ರೋಗಿಯಾಗಬಹುದಲ್ಲ! ವಯಸ್ಸು ನಲವತ್ತೆಂಟು. ಹುಡುಕಿದರೆ ಏನಾದರೊಂದು ಸಿಕ್ಕೇ ಸಿಗುತ್ತದೆ. ಆಗ ಅದು ಸುಳ್ಳೂ ಅಲ್ಲ.

ಶನಿವಾರ ಬೆಳಿಗ್ಗೆ ರಜೆಚೀಟಿ ಕಳಿಸಿ, ಪಡಸಾಲೆಯ ಮಂಚದ ಮೇಲೆ ಕಂಬಳಿ ಹೊದ್ದು ಮಲಗಿದರು. ಬೀದಿಗೆ ಕಾಣುವಂತೆ ಬಾಗಿಲು ತೆಗೆಸಿದರು.

“ಏನಾಗೈತ್ರಿ?” ಸರ್ವಮಂಗಳಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದರು.

“ನಿಶ್ಶಕ್ತಿ.”

“ನಿಮಗಾ?” ಎಂದು ಆಕೆ ಒಂದು ಗಳಿಗೆ ನೋಡಿದರು. ಗೋಡೆಯ ಆಸರೆಯಲ್ಲಿ ನಡೆದು ಒಳಗೆ ಹೋದರು.

ರುದ್ರಾಣಿ ನೋಟುಬುಕ್ಕು ಹಿಡಿದು ಬಂದು ಕೂತಳು; ತಂದೆಯ ಹಣೆ ಮುಟ್ಟಿದಳು. ತಣ್ಣಗಿತ್ತು. ನಾಲಿಗೆ ನೋಡಿದಳು. ಕೆಂಪಗಿತ್ತು. ಏನೂ ಬರೆಯದೆ ಎದ್ದುಹೋದಳು.

ಆದರೆ ಅಜ್ಜಮ್ಮ ನೋಡಿದ್ದರು. ನಿನ್ನೆ ಬಂದು ಸಾವಿನ ವಿಚಾರ ಮಾತಾಡಿದವನು ಇವತ್ತು ಮಲಗಿದ್ದಾನೆಂದರೆ ಅವನಿಗೆ ಸೂಚನೆ ಸಿಕ್ಕಿರಬೇಕೆಂದು ಆಕೆ ಮಧ್ಯಾಹ್ನದ ಬಸ್ಸಿನ ಕಂಡಕ್ಟರನ ಕೈಲಿ ನ್ಯಾಮತಿಗೆ ಸುದ್ದಿ ಮುಟ್ಟಿಸಿದರು. ನ್ಯಾಮತಿಯಿಂದ ಅದು ಹೊನ್ನಾಳಿಗೆ ಹೋಯಿತು, ಹೊನ್ನಾಳಿಯಿಂದ ಜಗಳೂರಿಗೆ. ಪ್ರತಿ ಬಸ್‌ಸ್ಟಾಂಡಿನಲ್ಲೂ ಕಾಯಿಲೆ ಒಂದು ಸುತ್ತು ದಪ್ಪವಾಗುತ್ತಿತ್ತು. ಭಾನುವಾರ ಹತ್ತು ಗಂಟೆಯ ಹೊತ್ತಿಗೆ ನೆಂಟರು ಬ್ರೆಡ್ಡು, ಮೂಸಂಬಿ ಹಿಡಿದು ಇಳಿಯತೊಡಗಿದರು. ಒಟ್ಟು ಹದಿನೇಳು ಜನ.

ರೋಗಿಯನ್ನು ನೋಡಲು ಬಂದವರ ಪದ್ಧತಿಯೊಂದಿದೆ: ಅದೇ ರೋಗದಿಂದ ಸತ್ತವರನ್ನು ನೆನೆಯುವುದು. ನ್ಯಾಮತಿಯ ಅಕ್ಕ ಕಲ್ಲಮ್ಮ ಕಾಲಬಳಿ ಕೂತು ಸೆರಗು ಬಾಯಿಗಿಟ್ಟುಕೊಂಡರು.

“ನಮ್ಮ ಭಾವಾರೂ ಹಿಂಗೇ, ನಿಶ್ಶಕ್ತಿ ಅಂತ ಮಲಗಿದ್ರು. ಮುಖದಾಗೆ ಕಳೆ ಇತ್ತು. ಥೇಟ್ ನಿನ್ನಂಗೆ. ಮೂರನೇ ದಿನಕ್ಕೆ...”

“ಮೂರಲ್ಲ ಅಕ್ಕ, ಎರಡೇ,” ಎಂದರು ಜಗಳೂರಿನ ತಮ್ಮ ಜಯದೇವಪ್ಪ. “ಕಳೆ ಇರೋದೇ ಕೆಟ್ಟದ್ದು. ದೀಪ ಆರಾಕೆ ಮುಂಚೆ ಜೋರಾಗಿ ಉರೀತೈತಲ್ಲ, ಹಂಗೆ.”

ವಿರೂಪಾಕ್ಷಪ್ಪನವರಿಗೆ ಎಡಗಾಲಿನ ಹೆಬ್ಬೆರಳು ಜೋಮು ಹಿಡಿದಂತೆ ಅನ್ನಿಸಿತು. ಎಂದೂ ಕೇಳದ ತಮ್ಮ ಎದೆಬಡಿತ ಸ್ಪಷ್ಟವಾಗಿ ಕೇಳತೊಡಗಿತು. ಮಧ್ಯಾಹ್ನದ ಹೊತ್ತಿಗೆ, ಇಷ್ಟು ಜನ ಹೇಳುತ್ತಿರುವಾಗ ತಾನೊಬ್ಬನೇ ಬದುಕುತ್ತೇನೆಂದು ಹಟ ಹಿಡಿಯುವುದು ಅವಿವೇಕವೆಂದು ಅವರಿಗೇ ತೋರಿತು. ಇಷ್ಟರ ನಡುವೆ ಹದಿನೇಳು ಜನಕ್ಕೂ ಎರಡು ಸುತ್ತು ಕಾಫಿ, ಉಪ್ಪಿಟ್ಟು, ಆಮೇಲೆ ಊಟ ಒಳಗಿನಿಂದ ಬರುತ್ತಲೇ ಇದ್ದವು. ಉಪ್ಪಿಟ್ಟು ತಳ ಹಿಡಿದಿತ್ತು. ಮರಣಶಯ್ಯೆಯಲ್ಲಿದ್ದರೂ ಅವರದನ್ನು ಗಮನಿಸದೆ ಬಿಡಲಿಲ್ಲ.

ಸೋಮವಾರ ರುದ್ರಾಣಿ ಪ್ರಬಂಧ ಒಪ್ಪಿಸಿ ಬಂದಳು. ಇನ್ನು ಏಳಬಹುದೆಂದು ಅವರು ಕಂಬಳಿ ಸರಿಸುವಷ್ಟರಲ್ಲಿ ಹೇಳಿದಳು: “ಸಿಸ್ಟರು ಪ್ರಬಂಧ ಓದಿ ಅಲ್ಲೇ ಎದ್ದು ನಿಂತ್ರು, ಅಪ್ಪಾಜಿ. ಐದು ಗಂಟೆಗೆ ರೋಗಿ ನೋಡಾಕೆ ಬರ್ತಾರಂತೆ.”

ವಿರೂಪಾಕ್ಷಪ್ಪನವರು ಪುನಃ ಮಲಗಿದರು. ಕಿವಿಗೆ ಮಫ್ಲರು ಸುತ್ತಿದರು, ತಲೆದೆಸೆಗೆ ಮೂಸಂಬಿ ಜೋಡಿಸಿದರು, ನರಳಿಕೆಯನ್ನು ಎರಡು ಸಲ ಅಭ್ಯಾಸ ಮಾಡಿದರು. ಸಿಸ್ಟರ್ ಫಿಲೋಮಿನಾ ಬಿಳಿಯ ಉಡುಪಿನಲ್ಲಿ ಹೊಸ್ತಿಲು ದಾಟಿದಾಗ ಮೂರನೆಯದು ಸಿದ್ಧವಾಗಿತ್ತು.

“ನಮಸ್ಕಾರ,” ಎಂದರು ಸಿಸ್ಟರ್. “ರೋಗಿ ಎಲ್ಲಿದ್ದಾರೆ?”

ವಿರೂಪಾಕ್ಷಪ್ಪನವರು ನರಳಿದರು. ಸಿಸ್ಟರ್ ಅದಕ್ಕೆ ತಲೆದೂಗಿ, ಕೈಲಿದ್ದ ನೋಟುಬುಕ್ಕನ್ನು ಕಂಬಳಿಯ ಮೇಲಿಟ್ಟು, ಮಂಚವನ್ನು ಬಳಸಿಕೊಂಡು ರುದ್ರಾಣಿಯ ಹಿಂದೆ ಅಡುಗೆಮನೆಗೆ ನಡೆದರು.

ವಿರೂಪಾಕ್ಷಪ್ಪನವರು ನೋಟುಬುಕ್ಕು ತೆರೆದರು. ಹತ್ತಕ್ಕೆ ಒಂಬತ್ತು ಬಂದಿತ್ತು. ಸಂತೋಷಪಡುವ ಮೊದಲೇ ಕಣ್ಣು ಕೆಳಗಿಳಿದಿತ್ತು.

‘ಪಡಸಾಲೆಯಲ್ಲಿ ನಮ್ಮ ತಂದೆಯವರು ಮಲಗಿದ್ದರು. ಅವರನ್ನು ನೋಡಲು ಹದಿನೇಳು ಜನ ಬಂದರು. ಹದಿನೆಂಟನೆಯವಳಾಗಿ ನಾನು ಹೋಗುವ ಅಗತ್ಯ ಕಾಣಲಿಲ್ಲ. ಲೋಟ ತೊಳೆಯಲು ಅಡುಗೆಮನೆಗೆ ಹೋದೆ. ಅಲ್ಲಿ ಅವ್ವನ ಕೈ ನನ್ನ ಕೈಗೆ ತಗುಲಿತು. ಇಸ್ತ್ರಿಪೆಟ್ಟಿಗೆಯ ಹಾಗೆ ಸುಡುತ್ತಿತ್ತು. ಎಷ್ಟು ದಿನದಿಂದ ಎಂದು ಕೇಳಿದೆ. ಒಂದು ಮನೆಗೆ ಒಬ್ಬರು ರೋಗಿ ಸಾಕು, ಅಪ್ಪಾಜಿಗೆ ಹೇಳಬೇಡ ಎಂದಳು. ಅದಕ್ಕೇ ಹೇಳಿಲ್ಲ, ಬರೆದಿದ್ದೇನೆ.’

ಅಷ್ಟರಲ್ಲಿ ಸಿಸ್ಟರ್ ಒಳಗಿನಿಂದ ಸರ್ವಮಂಗಳಮ್ಮನನ್ನು ತೋಳಿನಲ್ಲಿ ಆತುಕೊಂಡು ಬಂದರು. ಆ ಮುಖವನ್ನು ವಿರೂಪಾಕ್ಷಪ್ಪನವರು ಒಂದು ವಾರದಿಂದ ನೋಡಿಯೇ ಇರಲಿಲ್ಲ; ಬಂದ ಕಾಫಿಯನ್ನಷ್ಟೇ ನೋಡಿದ್ದರು.

“ಸ್ವಲ್ಪ ಏಳ್ತೀರಾ?” ಎಂದರು ಸಿಸ್ಟರ್. “ಮನೆಯಲ್ಲಿ ಹಾಸಿದ ಮಂಚ ಇದೊಂದೇ ಉಂಟು.”

ಅವರು ಎದ್ದರು. ಮಫ್ಲರು ಬಿಚ್ಚಲು ಮರೆತು ಡಾಕ್ಟರರನ್ನು ಕರೆತರಲು ಓಡಿದರು. ಮೂರು ದಿನದ ನಿಶ್ಶಕ್ತಿ ಬಸವನಂತೆ ದಾಪುಗಾಲು ಹಾಕಿದ್ದನ್ನು ಅಜ್ಜಮ್ಮ ಜಗಲಿಯಿಂದ ಬಾಯಿಬಿಟ್ಟುಕೊಂಡು ನೋಡಿದರು.

ಡಾಕ್ಟರು ನಾಡಿ ಹಿಡಿದರು, ಕಣ್ಣರೆಪ್ಪೆ ಎಳೆದು ನೋಡಿದರು, ಮುಖ ಗಂಟಿಕ್ಕಿದರು. “ಜ್ವರ ಶುರುವಾಗಿದ್ದು ಯಾವತ್ತು? ಸರಿಯಾಗಿ ಹೇಳ್ರಿ. ಔಷಧಿ ಅದರ ಮೇಲೈತೆ.”

ಸರ್ವಮಂಗಳಮ್ಮ ಕಣ್ಣು ಮುಚ್ಚಿದ್ದರು. ರುದ್ರಾಣಿಗೆ ಗೊತ್ತಿರಲಿಲ್ಲ. ವಿರೂಪಾಕ್ಷಪ್ಪನವರು ಗೋಡೆಯ ಗೂಡಿನಿಂದ ಡೈರಿ ತೆಗೆದು ಹಾಳೆ ಮಗುಚಿದರು.

“ಹೋದ ಸೋಮವಾರ,” ಎಂದರು. “ಬೆಳಿಗ್ಗೆ ಆರು ಗಂಟೆ ಏಳು ನಿಮಿಷಕ್ಕೆ.”

“ಆಮೇಲೆ?”

“ಮಂಗಳವಾರ ಬಾಯಿರುಚಿ ಹೋಗೈತೆ. ಬುಧವಾರ ಒಲೆ ಮುಂದೆ ನಿಲ್ಲಾಕೆ ಆಗಿಲ್ಲ. ಗುರುವಾರ ಕೈ ಸೋತೈತೆ. ಭಾನುವಾರ...” ಅವರು ಮುಂದೆ ಓದಲಿಲ್ಲ.

ಡಾಕ್ಟರು ಹುಬ್ಬೇರಿಸಿದರು. “ನರ್ಸುಗಳೂ ಹಿಂಗೆ ಬರೆದಿಡಲ್ಲ ಕಣ್ರಿ! ಇಷ್ಟೆಲ್ಲ ಗೊತ್ತಿದ್ದೂ ಎಂಟು ದಿನ ಯಾಕೆ ಸುಮ್ನಿದ್ರಿ?”

ಮಳೆಮಾಪಕದ ಪಕ್ಕದಲ್ಲಿ ಹತ್ತೊಂಬತ್ತು ವರ್ಷ ನಿಂತವರು ಡೈರಿ ಮುಚ್ಚಿ ಗೂಡಿನಲ್ಲಿಟ್ಟರು.

ಎರಡು ವಾರ ಮಂಚ ಬಿಟ್ಟು ಏಳಕೂಡದು, ಬರೀ ಗಂಜಿ ಎಂದಾಯಿತು. ಡಾಕ್ಟರೂ ಸಿಸ್ಟರೂ ಹೋದ ಮೇಲೆ ವಿರೂಪಾಕ್ಷಪ್ಪನವರು ಜೀವಮಾನದಲ್ಲಿ ಮೊದಲ ಬಾರಿ ಒಲೆಯ ಮುಂದೆ ಕೂತರು. ಹೊಗೆಗೆ ಕಣ್ಣಲ್ಲಿ ನೀರು ಬಂತು. (ಹೊಗೆಗೇ ಎಂದು ರುದ್ರಾಣಿಗೆ ಹೇಳಿದರು. ಆಕೆ ನಂಬಿದಂತೆ ಕಾಣಲಿಲ್ಲ.) ಮುಕ್ಕಾಲು ಗಂಟೆಯ ನಂತರ ಲೋಟದಲ್ಲಿ ಗಂಜಿ ಹಿಡಿದು ಪಡಸಾಲೆಗೆ ಬಂದು, ಹೆಂಡತಿಯ ತಲೆ ಎತ್ತಿ ಕುಡಿಸಿದರು.

ಸರ್ವಮಂಗಳಮ್ಮ ಒಂದು ಗುಟುಕು ಕುಡಿದರು. ಇಷ್ಟಿಷ್ಟೇ ಕಣ್ಣು ತೆರೆದರು.

“ರೀ, ಡೈರಿ ತಗೊಳ್ರಿ.”

“ಯಾಕೆ?”

“ಬರ್ಕೊಳ್ರಿ. ಗಂಜಿಗೆ ಉಪ್ಪಿಲ್ಲ. ತಣ್ಣಗೂ ಐತೆ.”

ತಿಳಿಸಿದ್ದಾಯಿತು. ಉತ್ತರ ಬರಲಿಲ್ಲ.