ಚುಕ್ಕಿ, ಗೆರೆ ಮತ್ತು ನಮ್ಮತ್ತೆ

ಮೊದಲೇ ಹೇಳಿಬಿಡುತ್ತೇನೆ, ನಾನು ಆ ಲ್ಯಾಪ್‌ಟಾಪ್ ಮುಟ್ಟಿದ್ದು ಸದುದ್ದೇಶದಿಂದಲೇ. ಪಾಂಡವಪುರದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಗಣಿತ ಹೇಳಿಕೊಟ್ಟವನು ನಾನು. ಅಕಾರಾದಿಯಲ್ಲಿಲ್ಲದ ಪಟ್ಟಿ ಕಂಡರೆ ಕೈ ಸುಮ್ಮನಿರುವುದಿಲ್ಲ.

ಮಗಳು ಸ್ನೇಹ ಕಾಲೇಜಿನ ಪ್ರಾಜೆಕ್ಟಿಗೆಂದು ನೆಂಟರಿಷ್ಟರನ್ನೆಲ್ಲ ಕಂಪ್ಯೂಟರಿಗೆ ಹಾಕಿದ್ದಳು. ಒಬ್ಬೊಬ್ಬರಿಗೂ ಒಂದು ಚುಕ್ಕಿ, ಒಂದೊಂದು ಸಂಬಂಧಕ್ಕೂ ಒಂದು ಗೆರೆ. ಚುಕ್ಕಿ ಒತ್ತಿದರೆ ಅವರ ಗೆರೆಗಳೆಲ್ಲ ಬೆಳಗುತ್ತಿದ್ದವು. ಚಿತ್ರದ ಹಿಂದೊಂದು ಪಟ್ಟಿ: ಒಂದು ಕಾಲಮ್ಮಿನಲ್ಲಿ ಒಬ್ಬರು, ಪಕ್ಕದಲ್ಲಿ ಅವರ ನೆಂಟರು, ಕೊನೆಗೆ ಏನಾಗಬೇಕು ಅನ್ನುವುದು. ನಾನು ಮೊದಲ ಕಾಲಂ ಒಂದನ್ನೇ ಅಕಾರಾದಿಗೆ ಜೋಡಿಸಿ, ಪಕ್ಕದವನ್ನು ಇದ್ದಲ್ಲೇ ಬಿಟ್ಟು, ಸೇವ್ ಮಾಡಿ, ಘನಕಾರ್ಯ ಮುಗಿಸಿದವನಂತೆ ಸ್ನಾನಕ್ಕೆ ಹೋದೆ.

ಬರುವಷ್ಟರಲ್ಲಿ ನಾಲ್ಕು ತಾಲ್ಲೂಕಿನ ಸಂಸಾರಗಳು ಅದಲುಬದಲಾಗಿದ್ದವು. ನನ್ನ ಷಡ್ಡಕ ದಿಲೀಪ ತನ್ನ ಅಜ್ಜಿಗೇ ಗಂಡನಾಗಿದ್ದ. (ಸ್ವರ್ಗಸ್ಥ ಮಾವನವರು ಗಂಜಾಂನ ಒಂದು ವರ್ಷದ ಕೂಸಿಗೆ ಮಗನಾಗಿದ್ದರು.)

“ಅಪ್ಪ, ನಾಡಿದ್ದು ತೋರಿಸ್ಬೇಕಿತ್ತು,” ಎಂದಳು ಸ್ನೇಹ. ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಆ ಜವಾಬ್ದಾರಿಯನ್ನು ನನ್ನ ಹೆಂಡತಿ ಭಾಗ್ಯ ವಹಿಸಿಕೊಂಡಳು. “ಮುಟ್ಬ್ಯಾಡಿ ಅಂದ್ರೆ ಕೇಳಾಕಿಲ್ಲ. ಈಗ ಕೂತ್ಕಂಡು ಎಲ್ರಿಗೂ ಮತ್ತೆ ಮದ್ವೆ ಮಾಡ್ಸಿ.”

ಚಿತ್ರದ ಒಂದು ಫೋಟೋ ಸ್ನೇಹಳ ಮೊಬೈಲಿನಲ್ಲಿತ್ತು. ಗೆರೆಗಳು ಕಾಣುತ್ತಿದ್ದವು, ಹೆಸರು ಓದಲಾಗುತ್ತಿರಲಿಲ್ಲ. ಆಗ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನಮ್ಮತ್ತೆ ದ್ಯಾವಮ್ಮ ತಲೆಯೆತ್ತಿದರು. ಹಿಂದಿನ ದಿನವಷ್ಟೇ ದೇವಲಾಪುರದಿಂದ ಬಂದಿದ್ದವರು, ಓದುಬರಹ ಬಾರದವರು.

“ನಾನೇಳ್ತೀನಿ, ಬರ್ಕೊ ಕಣವ್ವ. ಗೋವಿಂದನಹಳ್ಳಿ ಚಿಕ್ಕಯ್ಯಂಗೆ ಮೂರು ಮಕ್ಳು. ದೊಡ್ಡೋಳ್ನ ನಾಗಮಂಗಲಕ್ಕೆ ಕೊಟ್ರು. ಅವಳ ನಾದಿನೀನೇ ನಮ್ ಕುಮಾರನ ಎಂಡ್ತಿ. ಬರ್ಕೊಂಡ್ಯಾ?”

ಕೈ ಕಾಯಿ ಸುಲಿಯುತ್ತಲೇ ಇತ್ತು, ಬಾಯಿ ಹೇಳುತ್ತಲೇ ಇತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಇನ್ನೂರ ಹನ್ನೆರಡು ಗೆರೆ. ಫೋಟೋ ಪಕ್ಕಕ್ಕೆ ಹಿಡಿದು ನೋಡಿದರೆ ಅವೇ ಗಂಟು, ಅವೇ ಎಳೆ. ಹಳೆಯದರಲ್ಲಿದ್ದ ಎರಡು ತಪ್ಪನ್ನೂ ತಿದ್ದಿಸಿದ್ದರು. ಮಗ್ಗಿ ತಪ್ಪದೆ ಹೇಳುವ ಮಕ್ಕಳಿಗೆ ಬೆನ್ನು ತಟ್ಟುವವನು ನಾನು, ಅವತ್ತು ಬೆನ್ನು ಬಗ್ಗಿಸಿ ಕೈಮುಗಿಯಬೇಕು ಅನ್ನಿಸಿತು.

ನನ್ನ ಚುಕ್ಕಿ ಒತ್ತಿದೆ. ಎರಡೇ ಗೆರೆ, ಒಂದು ಭಾಗ್ಯಳ ಕಡೆಗೆ, ಒಂದು ಸ್ನೇಹಳ ಕಡೆಗೆ.

“ಇದೇನಮ್ಮ, ನಂಗೆ ಇಷ್ಟೇನಾ?”

“ನಿಮ್ ಕಡೇದು ಎರಡು ಸಲ ಕೇಳ್ದೆ. ಪೇಪರ್ ಓದ್ತಾ ಇದ್ರಿ,” ಎಂದಳು ಸ್ನೇಹ.

ರೋಷ ಬಂತು. ಅಪ್ಪ, ಅಮ್ಮ, ಅಣ್ಣ, ಅತ್ತಿಗೆ, ಇಬ್ಬರು ಚಿಕ್ಕಪ್ಪಂದಿರು ಎಂದು ಹೇಳುತ್ತ ಹೋದೆ. ಏಳನೆಯವರಿಗೆ ನಿಂತೆ. ಅಜ್ಜಿಯ ಹೆಸರು ‘ಅಜ್ಜಿ’ ಎಂದಷ್ಟೇ ಗೊತ್ತಿತ್ತು.

ಅತ್ತೆ ಅವರೆಕಾಯಿ ಪಕ್ಕಕ್ಕಿಟ್ಟರು. “ಅಳಿಯಂದ್ರ ಮನೆ ಇಸ್ಯ, ನಾನ್ ಬಾಯಾಕ್ಬಾರ್ದು,” ಎಂದು ಸಂಕೋಚಪಟ್ಟು, ಆಮೇಲೆ ನಮ್ಮ ಕಡೆಯ ಅರವತ್ತಮೂರು ಗೆರೆಯನ್ನೂ ಹೇಳಿ ಮುಗಿಸಿದರು. ಕೊನೆಯದು: “ಬಸ್ ಸ್ಟ್ಯಾಂಡ್ ತಾವ ಇಡ್ಲಿ ಓಟ್ಲು ಮಡಗಿರೋ ಕೆಂಪಾಜಮ್ಮ, ನಿಮ್ಮಪ್ಪಂಗೆ ಚಿಕ್ಕಪ್ಪನ ಮಗಳು.”

ಆ ಹೋಟೆಲಿನಲ್ಲಿ ನಾನು ಹನ್ನೊಂದು ವರ್ಷದಿಂದ ತಿಂಡಿ ತಿನ್ನುತ್ತಿದ್ದೇನೆ.

ಮಾರನೆಯ ಬೆಳಿಗ್ಗೆ ಹೋಗಿ, ಗಂಟಲು ಸರಿಮಾಡಿಕೊಂಡು, “ಅತ್ತೆ” ಎಂದೆ. ಕೆಂಪಾಜಮ್ಮ ಇಡ್ಲಿ ಪಾತ್ರೆಯಿಂದ ಮುಖ ತಿರುಗಿಸಲಿಲ್ಲ.

“ಈಗ ಗೊತ್ತಾಯ್ತೇನಪ್ಪ. ಓದ್ದೋನು, ಗೊತ್ತಿದ್ದೂ ಮಾತಾಡ್ಸಾಕಿಲ್ಲ ಅನ್ಕಂಡು ನಾನೂ ಸುಮ್ಗಿದ್ದೆ. ಚಟ್ನಿ ನೀರಾಗೈತೆ ಅಂತ ನೀನು ಬೈವಾಗೆಲ್ಲ ನಿಮ್ಮಪ್ಪನೇ ಬೈದಂಗಾಯ್ತಿತ್ತು. ಕೂತ್ಕೊ, ಇವತ್ತು ಗಟ್ಟಿ ಮಾಡಿವ್ನಿ.”