ಗೋಡೆಗೆ ಎರಡು ಮೈ

ಅನುಮಾನ ನನ್ನ ಹುಟ್ಟುಗುಣವಲ್ಲ. ಕಾನ್ವೆಂಟಿನಲ್ಲಿ ಮಾರಲ್ ಸೈನ್ಸ್ ಕಲಿಸುತ್ತಿದ್ದ ಸಿಸ್ಟರ್, ಬೇರೆಯವರ ಬಗ್ಗೆ ಕೆಟ್ಟದ್ದು ಊಹಿಸುವುದೂ ಒಂದು ಸಿನ್ ಎನ್ನುತ್ತಿದ್ದರು. ಆ ಸಬ್ಜೆಕ್ಟಿನಲ್ಲಿ ನಾನು ಯಾವಾಗಲೂ ಫಸ್ಟ್. ಆದರೆ ಮದುವೆಯಾಗಿ ಬಂದು ಬಳ್ಳಾರಿಯ ಬಿಸಿಲಲ್ಲಿ ಐವತ್ತು ಬೇಸಿಗೆ ಕಲ್ಲಂಗಡಿ ಕೊಂಡ ಮೇಲೆ, ಆ ಪ್ರೈಜ಼ನ್ನು ವಾಪಸ್ ಕೊಡುವುದೇ ಸರಿ ಅನ್ನಿಸಿದೆ. ಈಗ ಏನು ಕಂಡರೂ ಮೊದಲು ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು ನೋಡುತ್ತೇನೆ. ಹಣ್ಣು, ಮಡಕೆ, ತೆಂಗಿನಕಾಯಿ. ಕೈಗೆ ಸಿಕ್ಕಿದ್ದರೆ ಮನುಷ್ಯರನ್ನೂ ಬಡಿದು ನೋಡುತ್ತಿದ್ದೆ.

ನಾನು ಮತ್ತು ನನ್ನ ವಾರಗಿತ್ತಿ ಶರಣಮ್ಮ ಒಂದೇ ಮನೆಯಲ್ಲಿ, ಒಂದೇ ದೊಡ್ಡ ಹಾಲಿನಲ್ಲಿ ಎರಡು ಮಂಚ ಹಾಕಿಕೊಂಡು ಇರುವವರು. ಅಣ್ಣ ತಮ್ಮ ಇಬ್ಬರೂ ಹೋದ ಮೇಲೆ ಅವರ ಹೆಂಡಂದಿರಾದ ನಾವು ಉಳಿದುಕೊಂಡೆವು. ಶರಣಮ್ಮ ಕುರುಗೋಡಿನವಳು, ಗಟ್ಟಿ ದನಿ. ಅವಳ ತೆಲುಗು ಸೀರಿಯಲ್ಲಿನ ಅತ್ತೆ ಇನ್ನೂ ಗಟ್ಟಿ. ನನಗೋ ಪೇಪರಿನ ಕ್ರಾಸ್‌ವರ್ಡ್ ಬಿಡಿಸುವಾಗ ಸೈಲೆನ್ಸ್ ಬೇಕು. ಅಷ್ಟೇ ಅಲ್ಲ, ನಿಜ ಹೇಳಿಬಿಡುತ್ತೇನೆ: ಈ ಜನ್ಮದಲ್ಲಿ ನನ್ನದು ಅಂತ ಒಂದು ರೂಮೇ ಇರಲಿಲ್ಲ. ತವರಿನಲ್ಲಿ ಮೂವರು ತಂಗಿಯರ ಜೊತೆ ಒಂದೇ ಚಾಪೆ. ಹಾಸ್ಟೆಲಿನ ಡಾರ್ಮಿಟರಿಯಲ್ಲಿ ಹನ್ನೆರಡು ಮಂಚಗಳ ಪೈಕಿ ಏಳನೆಯದು ನನ್ನದು. ಆಮೇಲೆ ತುಂಬಿದ ಮನೆಯ ಸಂಸಾರ. ಪ್ರೈವೆಸಿ ಎಂಬ ಪದದ ಸ್ಪೆಲ್ಲಿಂಗ್ ಎಂಟನೇ ವಯಸ್ಸಿಗೇ ಕಲಿತೆ, ಪದಾರ್ಥ ಮಾತ್ರ ಕೈಗೆ ಸಿಗಲಿಲ್ಲ.

ಒಂದು ದಿನ ಧೈರ್ಯ ಮಾಡಿ, "ಹಾಲಿನ ನಡುವೆ ಒಂದು ಪಾರ್ಟಿಷನ್ ಹಾಕಿಸಿದರೆ ಹೇಗೆ?" ಎಂದೆ. ದೊಡ್ಡ ಜಗಳಕ್ಕೆ ತಯಾರಾಗಿಯೇ ಕೂತಿದ್ದೆ.

"ಆತಕ್ಕ, ಹಾಕಿಸ್ರಿ. ಅರ್ಧ ರೊಕ್ಕ ನಂದು," ಎಂದಳು ಶರಣಮ್ಮ, ಟೀವಿಯಿಂದ ಕಣ್ಣು ಕೀಳದೆ.

ಅಲ್ಲಿಂದ ಶುರುವಾಯಿತು ನನ್ನ ಅನುಮಾನ. ಒಂದು ಕಟ್ಟು ಕೊತ್ತಂಬರಿಗೆ ಕಾಲು ಗಂಟೆ ಚೌಕಾಸಿ ಮಾಡುವವಳು ಗೋಡೆಗೆ ಒಂದೇ ಮಾತಿನಲ್ಲಿ ಒಪ್ಪುವುದೆಂದರೆ? ಇವಳಿಗೆ ನನ್ನಿಂದ ಏನೋ ಮುಚ್ಚಿಡಬೇಕಾಗಿದೆ! ದಿನಾ ಮಧ್ಯಾಹ್ನ ಸಿರುಗುಪ್ಪದ ತಂಗಿಗೆ ಫೋನ್ ಮಾಡುತ್ತಾಳೆ. "ನಮ್ಮಕ್ಕ..." ಎಂಬಷ್ಟು ಗಟ್ಟಿಯಾಗಿ ಕೇಳುತ್ತದೆ, ಅದರ ಮುಂದಿನದು ಪಿಸುಮಾತು. ನಲವತ್ತು ವರ್ಷ ಒಂದೇ ಒಲೆಯಲ್ಲಿ ಬೇಯಿಸಿದವಳು ನನ್ನ ಬೆನ್ನ ಹಿಂದೆ ಏನನ್ನುತ್ತಾಳೆ ಎಂದು ಗೊತ್ತಿಲ್ಲದೆ ಹೋಗುವುದು ನನಗಿಷ್ಟವಿರಲಿಲ್ಲ.

ನಮ್ಮ ಹಾಲಿರುವುದು ಮಹಡಿಯ ಮೇಲೆ, ಅಲ್ಲಿ ಇಟ್ಟಿಗೆ ಗೋಡೆ ಭಾರ, ಜಿಪ್ಸಮ್ ಬೋರ್ಡೇ ಮಾಡರ್ನ್ ಎಂದು ಎಲ್ಲರೂ ಹೇಳಿದರು. ಸಿರಿಗೇರಿಯ ವೀರೇಶ ಎಂಬ ಮೇಸ್ತ್ರಿ ಟೇಪು ಹಿಡಿದು ಬಂದ. ಹತ್ತಡಿ ಅಗಲ, ಹತ್ತಡಿ ಎತ್ತರ ಅಳೆದ. ನೂರು ಚದರಡಿ ಎಂದು ನಾನು ಮನಸ್ಸಿನಲ್ಲೇ ಗುಣಿಸಿ ಮುಗಿಸಿದ್ದರೆ ಅವನು ಚೀಟಿಯಲ್ಲಿ ಬರೆದದ್ದು ಇನ್ನೂರು.

"ಇದೇನಪ್ಪ, ನಿಮ್ಮೂರಿನ ಮಗ್ಗಿ ಬೇರೆಯಾ?"

"ಗ್ವಾಡಿಗೆ ಎರಡ್ ಮೈ ಇರತಾವಲ್ರಿ ಮೇಡಂ. ಆ ಕಡಿ ಬೋರ್ಡು, ಈ ಕಡಿ ಬೋರ್ಡು. ಚದರಡಿಗೆ ಅರವತ್ತರಂಗ ರೇಟು."

"ಸೀರೆಗೂ ಎರಡು ಮೈ ಇರುತ್ತವೆ. ಅಂಗಡಿಯವನು ಎರಡು ಸಲ ದುಡ್ಡು ಕೇಳುತ್ತಾನೇನು?"

"ಸೀರಿ ನಿಲ್ಲಂಗಿಲ್ರಿ, ಗ್ವಾಡಿ ನಿಂದರಬೇಕು," ಎಂದ ವೀರೇಶ. ನಡುವೆ ಗ್ಲಾಸ್ ವೂಲ್ ಎಂಬ ಹತ್ತಿಯಂಥದ್ದನ್ನು ತುಂಬಿದರೆ ಸದ್ದು ದಾಟುವುದಿಲ್ಲ, ಅದರ ರೇಟು ಬೇರೆ ಎಂದೂ ಸೇರಿಸಿದ.

ನಾನು ಸುಮ್ಮನೆ ಬಿಡುವವಳೇ? ಮರುದಿನವೇ ಆಟೋ ಹಿಡಿದು ಬ್ರೂಸ್‌ಪೇಟೆಗೆ ಹೋಗಿ ಮೂರು ಅಂಗಡಿಗಳಲ್ಲಿ ಬೋರ್ಡು ಬಡಿದೆ. ಮೂರನೆಯವನು, "ಅಮ್ಮಾ, ಅದು ಹಣ್ಣಲ್ರಿ," ಎಂದ. ಕೂಲಿ, ಸ್ಕ್ರೂ, ಪಟ್ಟಿ, ಪುಟ್ಟಿ ಎಲ್ಲ ಕೂಡಿಸಿದಾಗ ವೀರೇಶನ ರೇಟು ನ್ಯಾಯವೇ ಎಂದು ತಿಳಿದು ನನಗೆ ಸ್ವಲ್ಪ ಬೇಸರವಾಯಿತು. ಪ್ರಾಮಾಣಿಕರು ನನ್ನಂಥವರ ಇಡೀ ದಿನವನ್ನೇ ಹಾಳು ಮಾಡುತ್ತಾರೆ.

ಕೆಲಸ ಶುರುವಾದ ದಿನ ಅವನನ್ನು ಮೆಟ್ಟಿಲ ಬಳಿ ಕರೆದು ಮೆಲ್ಲಗೆ, "ಹತ್ತಿ ಬೇಡಪ್ಪ. ವೇಸ್ಟ್ ಆಫ್ ಮನಿ," ಎಂದೆ. ನಿಜವಾದ ಕಾರಣ ನಿಮಗಾಗಲೇ ಹೊಳೆದಿರಬೇಕು. ಅವನು ಯಾಕೋ ನಕ್ಕ.

ಎರಡೇ ದಿನಕ್ಕೆ ಗೋಡೆ ನಿಂತಿತು. ದುಡ್ಡು ಎಣಿಸಿಕೊಳ್ಳುತ್ತಾ ವೀರೇಶ, "ಹತ್ತಿ ಬ್ಯಾಡಂತ ನಿಮಗಿಂತ ಮೊದಲ ಸಣ್ಣಮ್ಮಾರು ಹೇಳಿದ್ರು ನೋಡ್ರಿ," ಎಂದ. ಅಂದರೆ ಅವಳೂ ನನ್ನ ಮಾತು ಕದ್ದು ಕೇಳುವ ಪ್ಲಾನ್ ಹಾಕಿದ್ದಾಳೆ! ನೇರವಾಗಿ ಹೋಗಿ ಕೇಳಿಯೇಬಿಟ್ಟೆ.

"ಹೋದ್ ವರ್ಷ ತಲಿ ತಿರುಗಿ ಬಿದ್ದಿದ್ರಲ್ಲಕ್ಕ," ಎಂದಳು ಶರಣಮ್ಮ, ಹೆಸರುಕಾಳು ಆರಿಸುತ್ತಾ. "ನಡುವ ಹತ್ತಿ ತುರುಕಿದ್ರ, ನೀವು ಒದರಿದ್ರ ನನಗ ಹೆಂಗ ಕೇಳಸ್ತೈತಿ? ಒಂದು ರೂಮಿಗೆ ಕೂಸಿನಂಗ ಆಸಿ ಪಡ್ತಿದ್ರಿ, ಆತು ಅಂದೆ. ಅದಿರ್ಲಿ, ನೀವ್ಯಾಕ ಹತ್ತಿ ಬ್ಯಾಡ ಅಂದ್ರಿ?"

"ಅದಕ್ಕೇ," ಎಂದೆ ನಾನು, ಮಾರಲ್ ಸೈನ್ಸಿನಲ್ಲಿ ಫಸ್ಟ್ ಬಂದವಳು.

ಇಷ್ಟಾದ ಮೇಲೆ ನಾನು ಬದಲಾಗಬೇಕಿತ್ತು. ಮರುದಿನ ಮಧ್ಯಾಹ್ನ ನನ್ನದೇ ರೂಮಿನಲ್ಲಿ, ನನ್ನದೇ ಕುರ್ಚಿಯಲ್ಲಿ ಕ್ರಾಸ್‌ವರ್ಡ್ ಹಿಡಿದು ಕೂತೆ. ಎಷ್ಟೊಂದು ಸೈಲೆನ್ಸ್! ಏಳನೇ ಮಂಚದ ಹುಡುಗಿ ನೋಡಿದ್ದರೆ ಅತ್ತೇಬಿಡುತ್ತಿದ್ದಳು. ಅಷ್ಟರಲ್ಲಿ ಆಚೆ ಸಿರುಗುಪ್ಪಕ್ಕೆ ಫೋನ್ ಹೋಯಿತು. ಕುರ್ಚಿ ತಾನಾಗಿಯೇ ಗೋಡೆಯ ಹತ್ತಿರ ಸರಿಯಿತು. ಬೋರ್ಡು ತಣ್ಣಗಿತ್ತು, ಕಿವಿಗೆ ಹಿತವಾಗಿತ್ತು. ಒಂದೊಂದು ಅಕ್ಷರವೂ ಸ್ಪಷ್ಟ.

"ಆಮ್ಯಾಲ ಮಾತಾಡ್ತೀನಿ, ಇಡವಾ. ನಮ್ಮಕ್ಕ ಈಗ ಗ್ವಾಡಿಗೆ ಕಿವಿ ಹಚ್ಚಿ ಕುಂತಿರತಾಳ."

ಸ್ವಲ್ಪ ಹೊತ್ತಿನ ಮೇಲೆ ಆಚೆ ಮೈಯಿಂದ, ಸರಿಯಾಗಿ ನನ್ನ ಕಿವಿ ಇದ್ದ ಜಾಗಕ್ಕೇ, ಬೆರಳ ಗೆಣ್ಣಿನ ಸದ್ದು ಬಂತು: ಟಕ್, ಟಕ್. ಕಲ್ಲಂಗಡಿ ಹಣ್ಣಾಗಿದೆಯೋ ಇಲ್ಲವೋ ಎಂದು ಬಡಿದು ನೋಡುತ್ತಾರಲ್ಲ, ಹಾಗೆ.